ಹಿಂದಕ್ಕೆ ಮುಖ ಮಾಡಿದ ಸೀಟು

ಎರಡನೇ ಮಹಾಯುದ್ಧದಲ್ಲಿ ನಮ್ಮ ತಾತ ಬಾಂಬು ಹಾಕುವ ವಿಮಾನದಲ್ಲಿದ್ದ. ಇದು ತಾತನ ಹೇಳಿಕೆ. ಪಾತ್ರೆ ತಿಕ್ಕುವ ಕಡೆ ಇದ್ದ ಎಂಬುದು ಅಜ್ಜಿಯ ತೀರ್ಪು.

ಕಲ್ಯಾಣದುರ್ಗದ ಅವರ ಮನೆಗೆ ಯಾರೇ ಬಂದರೂ ಕಾಫಿಗಿಂತ ಮೊದಲು ಬರ್ಮಾ ಬರುತ್ತಿತ್ತು. ವಿಮಾನದಲ್ಲಿ ಇಬ್ಬರೇ. ಮುಂದೆ ಓಡಿಸುವವನು, ಅವನ ಬೆನ್ನಿಗೆ ಬೆನ್ನು ಕೊಟ್ಟು, ಬಾಲದ ಕಡೆ ಮುಖ ಮಾಡಿ, ಗನ್ ಹಿಡಿದು ಕೂತವನು ತಾತ. ಕತೆ ಇಲ್ಲಿಗೆ ಬರುವಷ್ಟರಲ್ಲಿ ಅಡಿಗೆಮನೆಯಿಂದ ಅಜ್ಜಿ ತೆಲುಗಿನಲ್ಲಿ ಸೀಲು ಒತ್ತುತ್ತಿದ್ದಳು: "ಅಂತಾ ಅಬದ್ಧಮೇ." ಎಲ್ಲ ಸುಳ್ಳು. ಜಗಳಕ್ಕೆ ತೆಲುಗು, ಮುದ್ದಿಗೆ ಕನ್ನಡ ಎಂಬುದು ನಮ್ಮ ಮನೆಯ ಪದ್ಧತಿ. ತಾತ ಹೊಟ್ಟೆ ಕುಲುಕಿಸಿ ನಗುತ್ತಿದ್ದ.

ಅಜ್ಜಿಯ ಹತ್ತಿರ ಸಾಕ್ಷಿಯೂ ಇತ್ತು. ಬಸ್ಸಿನಲ್ಲಿ ಡ್ರೈವರ್ ಬೆನ್ನ ಹಿಂದೆ, ಹಿಂದಕ್ಕೆ ಮುಖ ಮಾಡಿದ ಒಂದು ಸೀಟಿರುತ್ತಿತ್ತಲ್ಲ, ತಾತ ಅದರಲ್ಲಿ ಕೂತವನೇ ಅಲ್ಲ. ಉಳಿದದ್ದೆಲ್ಲ ತುಂಬಿದ್ದರೆ, ಎಂಬತ್ತು ದಾಟಿದ ಮೇಲೂ, ಕಂಬಿ ಹಿಡಿದು ನಾನಿದ್ದ ಹಿಂದೂಪುರದವರೆಗೆ ನಿಂತೇ ಬರುತ್ತಿದ್ದ. ತಲೆ ಸುತ್ತುತ್ತದಂತೆ. ಇಲ್ಲೇ ಪಕ್ಕದ ಬ್ರಹ್ಮಸಮುದ್ರಕ್ಕೆ ಹೋಗುವಷ್ಟರಲ್ಲಿ ತಲೆ ಸುತ್ತುವವರು ಬರ್ಮಾಕ್ಕೆ ಹೇಗೆ ಹೋದರು ಎಂದು ಅಜ್ಜಿ ಕೇಳಿದರೆ ಮನೆಯವರೆಲ್ಲ ನಗುತ್ತಿದ್ದೆವು. ನಾನೂ ಚೆನ್ನಾಗಿಯೇ ನಕ್ಕಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಒಂದು ದಿನ ತಾತ ನನ್ನನ್ನು ಪಕ್ಕಕ್ಕೆ ಕರೆದ. "ನಾನು ಹೋಗೋದ್ರೊಳಗೆ ನಿಮ್ಮಜ್ಜಿ ಒಂದ್ಸಲನಾದ್ರೂ ಹೂಂ ಅನ್ಬೇಕು ಕಣಮ್ಮ. ಕಾಗ್ದ ತರ್ಸು."

ನಾನು ಹಿಂದೂಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದವಳು. ಅರ್ಜಿ ಬರೆಯುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ. ದಿಲ್ಲಿಯ ದಾಖಲೆ ಕಚೇರಿಗೆ ಬರೆದೆ. ಸರ್ವಿಸ್ ನಂಬರ್ ಇಲ್ಲದೆ ಹುಡುಕಲಾಗದು ಎಂದು ಉತ್ತರ ಬಂತು. ನಾಲ್ಕು ಮೊಮ್ಮಕ್ಕಳ ಹೆಸರು ದಾಟಿಯೇ ನನ್ನ ಹೆಸರಿಗೆ ಬರುತ್ತಿದ್ದ ತಾತ, ಆ ನಂಬರನ್ನು ಮಾತ್ರ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ. ಮತ್ತೆ ಬರೆದೆ. ಕಾಯುತ್ತಾ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಅಂಥ ವಿಮಾನದ ಚಿತ್ರ ಹುಡುಕಿದೆ. ಸಿಕ್ಕಿತು: ಎರಡು ಸೀಟು, ಬೆನ್ನಿಗೆ ಬೆನ್ನು. ಎಂಟು ತಿಂಗಳ ಮೇಲೆ ದಿಲ್ಲಿಯ ಲಕೋಟೆಯೂ ಬಂತು. ಏರ್ ಗನ್ನರ್, ಬರ್ಮಾ ಗಡಿ. ತಾತ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಕುಸ್ತಿ ಗೆದ್ದವಳ ಗತ್ತಿನಲ್ಲಿ ಕಲ್ಯಾಣದುರ್ಗಕ್ಕೆ ಹೋದೆ. ತಾತ ಟೀ ಅಂಗಡಿಗೆ ಹೋಗಿದ್ದ. ಅಜ್ಜಿ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಕಾಗದ ಓದಿ ಹೇಳಿದೆ. ಅವಳು ತಲೆ ಎತ್ತದೆ, ಗೊತ್ತು ಅಂದಳು.

"ಮದ್ವೆ ಆದ ವರ್ಸವೇ ಹೇಳಿದ್ರು ಕಣಮ್ಮ. ಬಾಂಬ್ ಬಿಟ್ಟು, ಓಡ್ಸೋನು ಮುಂದಕ್ಕೆ ನೋಡ್ಕೊಂಡು ಹೋಗ್ಬುಡ್ತಾನಂತೆ. ಕೆಳಗೆ ಉರಿಯೋದು, ಜನ ಓಡೋದು, ಎಲ್ಲಾ ಕಾಣ್ಸೋದು ಹಿಂದಕ್ಕೆ ತಿರುಗಿ ಕುಂತೋನಿಗೇ. ಹೇಳ್ಬುಟ್ಟು ಮೂರು ದಿನ ಮುದ್ದೆ ಮುಟ್ಲಿಲ್ಲ. ನಾಕನೇ ದಿನ ನಾನೇ ಅಂದೆ, ಎಲ್ಲಾ ಸುಳ್ಳು, ಅಲ್ಲಿ ಪಾತ್ರೆ ತಿಕ್ಕೊಂಡಿದ್ರಿ ಅಂತ. ನಕ್ಬುಟ್ರು. ಉಂಡ್ರು. ಈಗ ನಿಜ ಅಂದ್ಬುಟ್ರೆ, ಇನ್ನ ಯಾವುದಕ್ಕೆ ನಗ್ತಾರೆ?"

ನನ್ನ ಗತ್ತು ಜರ್ರನೆ ಇಳಿಯಿತು. ಬಸ್ಸಿನ ಆ ಸೀಟಿನ ವಿಷಯಕ್ಕೆ ನಾನು ನಕ್ಕ ನಗೆಯೆಲ್ಲ ನೆನಪಾಗಿ ನಾಚಿಕೆಯಾಯಿತು. ಅಷ್ಟರಲ್ಲಿ ತಾತ ಬಂದ. ನನ್ನನ್ನು ಕಂಡವನೇ, ಬಂತಾ ಎಂದು ಕೇಳಿದ. ನಾನು ಬಾಯಿ ಬಿಡುವ ಮೊದಲೇ ಅಜ್ಜಿ ಅಂದಳು: "ಬಂದದೆ. ಪಾತ್ರೆ ತಿಕ್ಕೋ ಕೆಲ್ಸ ಅಂತ ಬರ್ದವ್ರೆ."

ತಾತ ನನ್ನ ಮುಖ ನೋಡಿದ. ಆಮೇಲೆ ಅಜ್ಜಿಯ ಮುಖ. ಬಹಳ ಹೊತ್ತು ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಸರ್ಕಾರಕ್ಕೂ ನಿಮ್ಮಜ್ಜಿಗೂ ಒಂದೇ ಬುದ್ಧಿ ಎಂದ. ಕಾಗದ ಎಲ್ಲಿ ಎಂದು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಸಂಜೆ ನನ್ನನ್ನು ಬಸ್ಸು ಹತ್ತಿಸಲು ಬಂದ. ಒಳಗೆ ಖಾಲಿ ಇದ್ದದ್ದು ಅದೊಂದೇ ಸೀಟು. ಕಂಡಕ್ಟರ್ ಕೂತುಕೊಳ್ಳಮ್ಮ ಎಂದ. ಕಿಟಕಿಯಾಚೆ ತಾತ ನಿಂತು ನೋಡುತ್ತಿದ್ದ. ನಾನು ಕಂಬಿ ಹಿಡಿದುಕೊಂಡು ಹಿಂದೂಪುರದವರೆಗೆ ನಿಂತೇ ಬಂದೆ.