ಕಂಬಳಿಯ ಮೇಲೆ ಕೊಟ್ಟ ಮಾತು

ಚರ್ಚಿನವರ ಜೊತೆ ನೀನೇಕೆ ತಿರುಗುತ್ತೀ ಎಂದು ನಮ್ಮ ಮನೆಯಲ್ಲಿ ಕೇಳದವರಿಲ್ಲ. ನನ್ನ ಉತ್ತರ ಒಂದೇ: ಅವರಿಗೆ ಬೇಕಾಗಿರುವುದು ನನ್ನ ಭಕ್ತಿಯಲ್ಲ, ನನ್ನ ನಾಲಿಗೆ. ಸೊಲ್ಲಾಪುರದ ಕನ್ನಡ ಶಾಲೆಯೊಂದರಲ್ಲಿ ಆಯುಷ್ಯ ಸವೆಸಿ ನಿವೃತ್ತಳಾದವಳು ನಾನು. ನಮ್ಮ ಓಣಿಯ ಕೊನೆಗೆ, ಹಿಟ್ಟಿನ ಗಿರಣಿಯ ಮೇಲಿನ ದೊಡ್ಡ ಕೋಣೆಯಲ್ಲಿ ಅವರ ಸಣ್ಣ ಚರ್ಚು. ಪಾಸ್ಟರ್ ಮರಾಠಿಯವರು, ಬಟ್ಟೆ ಮಿಲ್ಲಿನ ಕಾರ್ಮಿಕನ ಮಗ. ಅಕ್ಕಲಕೋಟೆಯ ಆಚೆ, ಮೈಂದರ್ಗಿ ದಾರಿಯಲ್ಲಿರುವ ಕುರುಬರ ವಸ್ತಿಯೊಂದಕ್ಕೆ ಅವರು ಸಹಾಯಕ್ಕೆಂದು ಹೋಗತೊಡಗಿದಾಗ ಅಲ್ಲಿಯ ಹೆಂಗಸರ ಕನ್ನಡ ಅವರಿಗೆ ತಿಳಿಯಲಿಲ್ಲ. ಚರ್ಚಿನ ಹುಡುಗರಿಗೂ ಕನ್ನಡ ಅಷ್ಟಕ್ಕಷ್ಟೆ. ಪಾಸ್ಟರ್ ಮನೆಗೆ ಬಂದು ನನಗೆ ಕೈ ಮುಗಿದರು. ಟಿವಿ ನೋಡಿ ನೋಡಿ ನನಗೂ ತಲೆ ಕೆಟ್ಟಿತ್ತು, ಹೂಂ ಅಂದೆ.

ವಸ್ತಿ ಅಂದರೆ ಕಲ್ಲುಗುಡ್ಡೆಗಳ ನಡುವೆ ಹರಡಿಕೊಂಡ ತಗಡಿನ ಶೆಡ್ಡುಗಳು. ಸ್ವಂತ ಕುರಿ ಇದ್ದವರು ಕಡಿಮೆ. ಉಳಿದವರು ಪರರ ಕುರಿ ಕಾಯುತ್ತಿದ್ದರು, ಇಲ್ಲವೇ ಕಬ್ಬು ಕಡಿಯಲು ಹೋಗುತ್ತಿದ್ದರು. ಚರ್ಚಿನವರು ಜೋಳ, ಎಣ್ಣೆ, ತೊಗರಿಬೇಳೆ, ಜ್ವರದ ಗುಳಿಗೆ ತರುತ್ತಿದ್ದರು. ಮೊದಮೊದಲು ಹಾಡು, ಪ್ರಾರ್ಥನೆ ಎಲ್ಲ ಮುಗಿದ ಮೇಲೆ ಹಂಚುತ್ತಿದ್ದರು. ಹಸಿದವರನ್ನು ಕೂಡಿಸಿಕೊಂಡು ಇದೇನು ನಾಟಕ ಎಂದು ನಾನು ಪಾಸ್ಟರ್ ಜೊತೆ ಜಗಳ ತೆಗೆದೆ. ಮೊದಲು ಹಂಚಿರಿ, ಆಮೇಲೆ ಇಷ್ಟ ಇದ್ದವರು ಕೂಡಲಿ ಅಂದೆ. ಮುಂದಿನ ಸಲದಿಂದ ಅವರು ಹಾಗೇ ಮಾಡಿದರು. ಆ ಮನುಷ್ಯನಲ್ಲಿ ಕೆಟ್ಟದ್ದಿರಲಿಲ್ಲ, ಇದನ್ನು ನಾನು ಇವತ್ತಿಗೂ ಹೇಳುತ್ತೇನೆ.

ಆ ವಸ್ತಿಯಲ್ಲಿ ಒಂದು ಕೂಸಿತ್ತು, ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ ಹೆಣ್ಣು ಕೂಸು. ಅದರ ಎಡಗಣ್ಣಿನ ಪಾಪೆ ಬೆಳ್ಳಗಿತ್ತು. ಪೊರೆ ಅದು, ಮುದುಕರಿಗೆ ಬರುವಂಥದು ಈ ಕೂಸಿಗೆ ಹುಟ್ಟುತ್ತಲೇ ಬಂದಿತ್ತು. ತಾಯಿ ಇನ್ನೂ ಹುಡುಗಿಯೇ. ಎಲ್ಲರ ಹಿಂದೆ ನಿಂತಿರುತ್ತಿದ್ದಳು, ಕೇಳಿದರೆ ಮಾತ್ರ ಮಾತು.

ಒಂದು ದಿನ ಅವರ ಶೆಡ್ಡಿನ ಮುಂದೆ ಪಾಸ್ಟರ್‌ಗೆ ಕುರ್ಚಿ ಹಾಕಿದರು. ಪಾಸ್ಟರ್‌ಗೆ ಕುರ್ಚಿ ಎಂದರೆ ಮುಜುಗರ. ಬಡವರು ನೆಲದ ಮೇಲೆ ಕೂತಿರುವಾಗ ತಾನು ಮೇಲೆ ಕೂಡಬಾರದು ಎಂಬುದು ಅವರ ನೇಮ. ಬೇವಿನ ಮರದ ಬುಡದಲ್ಲಿ ಒಂದು ಕರಿ ಕಂಬಳಿಯನ್ನು ಮಡಿಸಿ ಹಾಸಿದ್ದರು. ಅದರ ಮೇಲೆ ಹೋಗಿ ಕೂತೇ ಬಿಟ್ಟರು. ಅದು ಕುರುಬರ ದೇವರು ಬೀರೋಬನ ಗದ್ದಿಗೆ. ಆ ಮನೆತನದವರು ಅದರ ಮೇಲೆ ಕೂಡುವುದು ದೇವರ ಮುಂದೆ ಮಾತು ಕೊಡುವಾಗ ಮಾತ್ರ. ಇದು ಪಾಸ್ಟರ್‌ಗೆ ಹೇಗೆ ಗೊತ್ತಾಗಬೇಕು? ಪೇಟೆಯಲ್ಲಿ ಬೆಳೆದ ನನಗೂ ಕಂಬಳಿ ಎಂದರೆ ಚಳಿಗೆ ಹೊದೆಯುವುದು, ಅಷ್ಟೆ.

ಎಲ್ಲರೂ ಗಪ್ಪಾದರು. ದೇವರಾತ್ಮ ಇಳಿದು ಬಂದಿದೆ ಎಂದುಕೊಂಡರೋ ಏನೋ, ಪಾಸ್ಟರ್ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಈ ಮಗಳ ಕಣ್ಣಿನ ಭಾರ ಇವತ್ತಿನಿಂದ ನಮ್ಮ ಮೇಲೆ, ಇವಳನ್ನು ನಮ್ಮ ಕೈಗೆ ಬಿಡಿರಿ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಚರ್ಚಿನ ಶಿಬಿರಕ್ಕೆ ಬರುವ ಕಣ್ಣಿನ ಡಾಕ್ಟರರಿಗೆ ತೋರಿಸುವುದು ಅವರ ಮನಸ್ಸಿನಲ್ಲಿತ್ತು. ಕೂಸಿನ ಅಜ್ಜಿ ಎದ್ದು ಬಂದು ಕಂಬಳಿಯ ಅಂಚಿಗೆ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ, ಹಾಕಿ ಹೋದಳು. ಏನೋ ಅವರ ಪದ್ಧತಿ ಎಂದು ನಾವು ಸುಮ್ಮನಾದೆವು.

ಶಿಬಿರ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಒಂದು ಭಾನುವಾರ ಮೋಟಾರ್ ಸೈಕಲ್ ಮೇಲೆ ಕೆಲವು ತರುಣರು ವಸ್ತಿಗೆ ಬಂದು, ಜೋಳ ಕೊಟ್ಟು ಜಾತಿ ಕೆಡಿಸುತ್ತೀರಾ ಎಂದು ಕೂಗಾಡಿದರು, ಚೀಲಗಳ ವಿಡಿಯೋ ಮಾಡಿಕೊಂಡರು. ಚರ್ಚಿನ ಹಿರಿಯರು ಹೆದರಿದರು. ಸ್ವಲ್ಪ ದಿನ ಆ ಕಡೆ ಹೋಗುವುದು ಬೇಡವೆಂದಾಯಿತು. ಆ ಸ್ವಲ್ಪ ದಿನ ವರ್ಷದ ಮೇಲೂ ಬೆಳೆಯಿತು. ಕೂಸಿನ ಕೆಲಸ ಸರಕಾರಿ ದವಾಖಾನೆಯಲ್ಲಿ ಆಗಿರಬೇಕು ಎಂದುಕೊಂಡು ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಉಂಡು ಮಲಗಿದೆವು.

ನನಗೆ ಸುದ್ದಿ ತಿಳಿದದ್ದು ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಭಾಗದ ಆಶಾ ಕಾರ್ಯಕರ್ತೆ. ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಆಪರೇಶನ್ನಿಗೆ ತಾರೀಖು ಹಿಡಿದುಕೊಂಡು ಹೋದರೂ ತಾಯಿ ಕೂಸನ್ನು ಕೊಡಲಿಲ್ಲ ಎಂದಳು. ಮರುದಿನವೇ ನಾನು ವಸ್ತಿಗೆ ಹೋದೆ. ತಲೆ ಗಿಲೆ ಕೆಟ್ಟಿದೆಯೇನು ನಿನಗೆ ಎಂದು ಆ ಹುಡುಗಿಯನ್ನು ಬಾಯಿಗೆ ಬಂದಂತೆ ಬೈದೆ. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಉತ್ತರ ಕೊಟ್ಟವಳು ಅಜ್ಜಿ.

“ಕಂಬಳಿ ಮ್ಯಾಲ ಕುಂತು ಕೊಟ್ಟ ಮಾತರಿ ಅಕ್ಕೋರ. ಕೊಟ್ಟವ್ರ ಬಂದು, ಅಲ್ಲೇ ಕುಂತು, ಹಣಿಗಿ ಭಂಡಾರ ಹಚ್ಚಿಸ್ಕೊಂಡು ಬಿಡಿಸ್ಕೋಬೇಕು. ಅಲ್ಲೀತನಕ ಕೂಸಿನ್ನ ಬ್ಯಾರೆದವ್ರ ಕೈಯಾಗ ಹ್ಯಾಂಗ ಕೊಡೂದ್ರಿ?”

ಹಾಗಾದರೆ ಪಾಸ್ಟರೇ ಬಂದು ದವಾಖಾನೆಗೆ ಕರೆದುಕೊಂಡು ಹೋಗಲಿ, ಕೊಟ್ಟ ಮಾತು ತೀರಿತಲ್ಲ ಎಂದೆ. ಅದಕ್ಕೆ ಕೂಸಿನ ದೊಡ್ಡಪ್ಪ ಅಡ್ಡ ಬಂದ. ಆ ತರುಣರ ಗಲಾಟೆಯಾದ ಮೇಲೆ ಚರ್ಚಿನವರ ಕೈಗೆ ಮನೆಯ ಕೂಸನ್ನು ಕೊಟ್ಟರೆ ಊರು ತಮ್ಮನ್ನು ಹೊರಗಿಡುತ್ತದೆ ಎಂದ. ಬಂದು ಮಾತು ಬಿಡಿಸಿಕೊಂಡು ಹೋಗಲಿ, ಆಮೇಲೆ ನಾವೇ ಒಯ್ಯುತ್ತೇವೆ. ಇದು ಅವನ ಕಡೆಯ ಮಾತು.

ಸೊಲ್ಲಾಪುರಕ್ಕೆ ಬಂದವಳು ಮನೆಗೆ ಹೋಗದೆ ನೇರ ಗಿರಣಿಯ ಮೆಟ್ಟಿಲು ಹತ್ತಿದೆ. ಎಲ್ಲ ಕೇಳಿದ ಮೇಲೆ ಪಾಸ್ಟರ್, ಕ್ಷಮೆ ಕೇಳುತ್ತೇನೆ, ಕಾಲು ಬೇಕಾದರೂ ಹಿಡಿಯುತ್ತೇನೆ ಎಂದರು. ಆದರೆ ಭಂಡಾರ? ಬೇರೆ ದೇವರ ಗುರುತನ್ನು ಹಣೆಗೆ ಹಚ್ಚಿಸಿಕೊಂಡು ಭಾನುವಾರ ಯಾವ ಬಾಯಿಂದ ಬೋಧಿಸಲಿ ಎಂದು ನನ್ನನ್ನೇ ಕೇಳಿದರು. ಹಣೆ ನಿಮ್ಮದು, ಕಣ್ಣು ಕೂಸಿನದು, ಯಾವುದು ದೊಡ್ಡದೋ ನೀವೇ ನೋಡಿಕೊಳ್ಳಿ ಎಂದು ನಾನು ಎದ್ದು ಬಂದೆ. ಅವರು ಉಪವಾಸ ಮಾಡಿ ಪ್ರಾರ್ಥಿಸುತ್ತಿದ್ದಾರೆ ಎಂಬ ಸುದ್ದಿ ಬಂತು. ಪ್ರಾರ್ಥನೆಯಲ್ಲಿ ವಾರಗಳು ಹೋದವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಒಂದು ಮಾತು: ನನ್ನನ್ನು ಯಾರಾದರೂ ಶಿಲುಬೆಯ ಮುಂದೆ ಮಂಡಿಯೂರು ಎಂದಿದ್ದರೆ ಅಷ್ಟು ಸಲೀಸಾಗಿ ಊರುತ್ತಿದ್ದೆನೇ? ಗೊತ್ತಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಅವರು ನಮ್ಮ ಬಾಗಿಲಿಗೆ ಬಂದು, ನಡೆಯಿರಿ ಎಂದರು. ಚರ್ಚಿನ ಗಾಡಿ ಬಿಟ್ಟು ಎಸ್‌ಟಿ ಬಸ್ಸಿನಲ್ಲೇ ಹೋದೆವು. ಪಾಸ್ಟರ್ ನೇರ ಹೋಗಿ ಕಂಬಳಿಯ ಮೇಲೆ ಕೂತರು. ಅಜ್ಜಿ ಹಣೆಯ ತುಂಬ ಭಂಡಾರ ಹಚ್ಚಿದಳು. ಅವರು ಕಣ್ಣು ಮುಚ್ಚಿರಲಿಲ್ಲ, ಕೂಸನ್ನೇ ನೋಡುತ್ತಿದ್ದರು. ಯಾರ ಮೊಬೈಲಿನಿಂದ ಹೋಯಿತೋ, ಆ ಫೋಟೋ ನಾವು ಸೊಲ್ಲಾಪುರ ಮುಟ್ಟುವ ಮೊದಲೇ ಚರ್ಚಿನವರ ಕೈ ಸೇರಿತ್ತು. ಅವತ್ತಿನಿಂದ ಹಿರಿಯರು ಅವರನ್ನು ಬೋಧನೆಗೆ ನಿಲ್ಲಲು ಬಿಡಲಿಲ್ಲ.

ಆಪರೇಶನ್ ಆಯಿತು. ಪಾಪೆ ಕಪ್ಪಾಯಿತು, ನೋಡಿದರೆ ಎರಡೂ ಕಣ್ಣು ಒಂದೇ ತರಹ. ತಪಾಸಣೆಯ ದಿನ ಕೂಸಿನ ತಾಯಿ ಬನ್ನಿ ಅಂದಿದ್ದಕ್ಕೆ ನಾನು ಹೋಗಿದ್ದೆ. ಪಾಸ್ಟರ್ ಯಾರೂ ಕರೆಯದೆ ಬಂದು ದೂರ ನಿಂತಿದ್ದರು. ಡಾಕ್ಟರ್ ಮರಾಠಿಯಲ್ಲಿ ಹೇಳಿದ್ದನ್ನು ನಾನು ತಾಯಿಗೆ ಕನ್ನಡದಲ್ಲಿ ಹೇಳಬೇಕಾಯಿತು: ಪೊರೆ ಹೋಗಿದೆ, ಆದರೆ ಇಷ್ಟು ದಿನ ನೋಡದೇ ಇದ್ದ ಕಣ್ಣು ನೋಡುವುದನ್ನು ಕಲಿಯಲಿಲ್ಲ. ಇನ್ನು ಕಲಿಯುವ ಆಸೆಯೂ ಕಡಿಮೆ.

ಹೊರಗೆ ಬೆಂಚಿನ ಮೇಲೆ ಕೂತು ಅವಳು ಪಾಸ್ಟರರನ್ನು ಹತ್ತಿರ ಕರೆದಳು. ಮೊದಲೇ ತಂದಿದ್ದರೆ ಕಾಣುತ್ತಿತ್ತೇ ಎಂದು ಅವರನ್ನೇ ಕೇಳಿದಳು. ನಾನು ಮರಾಠಿಯಲ್ಲಿ ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ತಪ್ಪಿಸಿಕೊಳ್ಳಬಹುದಿತ್ತು, ತಪ್ಪಿಸಿಕೊಳ್ಳಲಿಲ್ಲ. ಹೌದೆಂದು ತಲೆಯಾಡಿಸಿದರು.

“ಹಂಗಾದ್ರ ತಪ್ಪು ನಂದ ಐತ್ರಿ,” ಅಂದಳು. “ನಿಮ್ಮ ಮಾತು ಹಿಡಕೊಂಡು ನಾನ ಕುಂತೆ.”

ನಮ್ಮೆಲ್ಲರ ನಡುವೆ ಮಾತಿಗೆ ನಿಂತವಳು ಅವಳೊಬ್ಬಳು, ತಪ್ಪನ್ನೂ ಅವಳೇ ಹೊತ್ತುಕೊಂಡು ಕೂತಿದ್ದಳು. ನಿಂದಲ್ಲ ಯವ್ವಾ, ನಿಂದಲ್ಲ ಎಂದೆ. ಅವಳು ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಅದರ ಬಲಗಣ್ಣನ್ನು ಒಂದು ಅಂಗೈಯಿಂದ ಮುಚ್ಚಿದಳು.

“ನನ್ನ ಬೆರಳ ಕಾಣತಾವೇನವ್ವಾ?” ಎಂದು ಕೇಳಿದಳು.

“ಹೂಂ, ಕಾಣತಾವ,” ಅಂದಿತು ಕೂಸು, ಅವ್ವನಿಗೆ ಖುಷಿಯಾಗಲೆಂದು.

ತಾಯಿಯ ಇನ್ನೊಂದು ಕೈ ಮಡಿಲಲ್ಲೇ ಇತ್ತು, ಅವಳು ಅದನ್ನು ಎತ್ತಿರಲೇ ಇಲ್ಲ.