ತ್ರಿಶಲಾಳ ಶಟರ್ ಇಳಿಯದ ಸಂಜೆ

ನಮ್ಮ ಬೋರಗಾಂವದ ಈ ಓಣಿಯಲ್ಲಿ ಸಂಜೆ ತಿಳಿಯಲು ಗಡಿಯಾರ ಬೇಡ. ನನ್ನ ಕಿರಾಣಿ ಅಂಗಡಿಯ ಎದುರಿಗಿರುವ ತ್ರಿಶಲಾಳ ಆನ್‌ಲೈನ್ ಸೆಂಟರಿನ ಶಟರ್ ಇಳಿಯಿತೆಂದರೆ ಹೊತ್ತು ಮುಳುಗಲು ಬಂತೆಂದೇ ಲೆಕ್ಕ. ಜೈನರ ಮನೆ, ಕತ್ತಲಾದ ಮೇಲೆ ಊಟವಿಲ್ಲ. ಸೊಸೆ ಸೆಂಟರ್ ತೆರೆಯುತ್ತೇನೆಂದಾಗ ಅತ್ತೆ ಚಂದ್ರಮತಿ ಹಾಕಿದ್ದು ಒಂದೇ ಕರಾರು: "ಹೊತ್ತ ಮುಳಗೂದ್ರಾಗ ತಾಟಿನ ಮುಂದ ಕುಂತಿರಬೇಕು. ಒಂದಿನ ತಪ್ಪಿದ್ರೂ ಅಂಗಡಿ ಬಂದ್." ಆ ಮುದುಕಿಯ ಮಾತಿಗೆ ಮಗನೇ ಎದುರಾಡುವುದಿಲ್ಲ, ಇನ್ನು ನಾವ್ಯಾರು.

ಮೊನ್ನೆ ಸಂಜೆ ಪಾವರಲೂಮ್ ಕೆಲಸದ ಕಾಳವ್ವನ ಮಗಳು ಉಜ್ವಲಾ ಅಳುಮುಖ ಮಾಡಿಕೊಂಡು ಅಲ್ಲಿಗೆ ಬಂದಳು. ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ವೆಬ್‌ಸೈಟಿನಲ್ಲಿ ಒಪ್ಪಿಗೆ ಕೊಡಲು ಆ ಸಂಜೆಯೇ ಕಡೆಯ ಗಡುವು. ಆ ಪುಟವೋ ತೆರೆಯಲೊಲ್ಲದು.

"ಸರ್ವರ್ ಡೌನ್ ಐತೇನ್ರಿ ಅಕ್ಕಾರ?"

"ನಿಪ್ಪಾಣ್ಯಾಗ ನಿನ್ನ ಗೆಳತಿದು ಈಗಷ್ಟ ಆಗೇತಿ ಅಂದಿ. ಹಂಗಾದ್ರ ತಪ್ಪು ನಮ್ಮ ಕಡೇನ ಐತಿ."

ನಿಪ್ಪಾಣಿಗೆ ಹೋಗುವಷ್ಟರಲ್ಲಿ ಅವಧಿ ಮುಗಿಯುತ್ತಿತ್ತು. ತ್ರಿಶಲಾ ಕಂಪ್ಯೂಟರ್ ಆರಿಸಿ ಹಚ್ಚಿದಳು. ಆಗಲಿಲ್ಲ. ಸೂರ್ಯ ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿದ್ದ. ಅವಳು ಶಟರಿನತ್ತ ನೋಡಿದಳು, ಹುಡುಗಿಯ ಮುಖ ನೋಡಿದಳು, ಮತ್ತೆ ಕುರ್ಚಿ ಎಳೆದುಕೊಂಡು ಕುಳಿತಳು. ನಾನು ತಕ್ಕಡಿ ಬಿಟ್ಟು ಅವಳ ಬಾಗಿಲಿಗೆ ಬಂದು ನಿಂತೆ.

ಹೊಸ ಲೈನು ಹಾಕಿಸಿದಾಗಿನಿಂದ ಕೆಲವು ಸೈಟುಗಳು ಹೀಗೆ ಹಟ ಮಾಡುತ್ತಿದ್ದುದು ಅವಳ ನೆನಪಿಗೆ ಬಂತು. ನೆಟ್‌ವರ್ಕ್ ಸೆಟ್ಟಿಂಗ್ ತೆರೆದಳು. ಇಂಟರ್‌ನೆಟ್ಟಿಗೆ ಹೋಗಲು ಯಂತ್ರಕ್ಕೆ ಎರಡು ದಾರಿ, ಹಳೆಯ ಐಪಿವಿ4, ಹೊಸ ಐಪಿವಿ6. ಹೊಸ ದಾರಿ ಅರ್ಧಕ್ಕೇ ನಿಂತಿದ್ದರೂ ಯಂತ್ರ ಅಲ್ಲೇ ಕಾಯುತ್ತಿರಬಹುದೆಂದು ಅವಳ ಅನುಮಾನ.

ಅಷ್ಟರಲ್ಲಿ ಚಂದ್ರಮತಿ ಸೆರಗಿನಡಿ ಏನನ್ನೋ ಹಿಡಿದು ದಡದಡ ಬಂದಳು. ಸೆಂಟರಿನ ಕಥೆ ಮುಗಿಯಿತು ಎಂದುಕೊಂಡೆ.

"ಅತ್ತ್ಯಾರ, ಈ ಹುಡುಗಿ ಸೀಟು ಕೈ ತಪ್ಪತೈತ್ರಿ. ಇಷ್ಟ ಮುಗಿಸಿ..."

"ಬಾಯಿ ತೆಗಿ."

"ಕೈಯಾಗ ಕೆಲಸ ಐತ್ರಿ."

"ನಾ ಕೈ ಕೇಳಿಲ್ಲ, ಬಾಯಿ ಕೇಳೇನಿ."

ಸೆರಗಿನಡಿ ಇದ್ದದ್ದು ತಾಟು. ಮುದುಕಿ ನಿಂತಲ್ಲೇ ರೊಟ್ಟಿ ಮುರಿದು ಪಲ್ಯ ಹಚ್ಚಿ ಸೊಸೆಯ ಬಾಯಿಗಿಟ್ಟಳು. ಸೊಸೆ ಅಗಿಯುತ್ತಲೇ ಐಪಿವಿ6 ಎದುರಿನ ಟಿಕ್ ತೆಗೆದು ಓಕೆ ಒತ್ತಿದಳು. ಯಂತ್ರ ಹಳೆಯ ದಾರಿ ಹಿಡಿಯಿತು, ಪುಟ ತೆರೆಯಿತು. ಉಜ್ವಲಾ ಒಪ್ಪಿಗೆ ಕೊಟ್ಟು, ಸೀಟು ಖಾತ್ರಿಯಾಯಿತೆಂಬ ಮೆಸೇಜು ಬಂದಾಗ ಮೊಬೈಲನ್ನು ಎದೆಗೊತ್ತಿಕೊಂಡು ಅತ್ತೇಬಿಟ್ಟಳು. ನನಗೂ ಕಣ್ಣು ತುಂಬಿದವು, ಸುಳ್ಳೇಕೆ ಹೇಳಲಿ.

ಕಡೆಯ ತುತ್ತಿನ ಹೊತ್ತಿಗೆ ಸೂರ್ಯ ಇನ್ನೂ ಚೂರು ಉಳಿದಿದ್ದ.

"ಕರಾರು ತಪ್ಪಿಲ್ಲ," ಎಂದಳು ಚಂದ್ರಮತಿ, ಸೊಸೆಗೆ ನೀರು ಕೊಡುತ್ತ. "ತಾಟಿನ ಮುಂದನ ಕುಂತಿದ್ದಿ."

ಈಗ ಶಟರ್ ನಂಬಿದರೆ ನಮಗೆ ಹೊತ್ತು ತಿಳಿಯುವುದಿಲ್ಲ. ಗಿರಾಕಿ ಹೆಚ್ಚಿದ್ದ ದಿನ ತಾಟು ಹಿಡಿದ ಮುದುಕಿ ಓಣಿ ದಾಟಿದಳೋ ಇಲ್ಲವೋ ನೋಡಬೇಕು.