ಸುಜಾತಕ್ಕ ಒತ್ತಿದರೆ ಮಾತ್ರ ತೆರೆಯುತ್ತಿದ್ದ ಪುಟ

ಅಜ್ಜಂಪುರದ ಹತ್ತಿರ ತರಕಾರಿ ಸಸಿಗಳ ನರ್ಸರಿ ನಡೆಸುವ ಓಂಕಾರಣ್ಣ ಫೋನ್ ಮಾಡಿ, "ಮೇಡಂ, ನಿಮ್ ಆ್ಯಪ್ ನನ್ ಕೈಲಿ ಓಪನ್ನೇ ಆಗಲ್ಲ. ನಮ್ಮನೆಯೋಳು ಮುಟ್ಟಿದ್ರೆ ತಕ್ಷಣ ಆಗುತ್ತೆ. ಎಲ್ಲಾ ಕೈಗುಣ ಕಣ್ರೀ" ಅಂದರು.

ನನಗೆ ನಗು, ಒಳಗೊಳಗೇ ಭಯ.

ಕಡೂರಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಲೇ ನಾನೊಬ್ಬಳೇ ಬರೆದ ಮೊದಲ ವೆಬ್ ಆ್ಯಪ್ ಅದು, ಸಸಿ ಬುಕಿಂಗಿಗೆ. ಈ ವಾರದೊಳಗೆ ಸರಿಹೋಗದಿದ್ದರೆ ಹಳೇ ನೋಟ್‌ಬುಕ್ಕಿಗೇ ವಾಪಸ್ ಅಂತ ಅವರು ಹೇಳಿಬಿಟ್ಟಿದ್ದರು.

ಅವರ ಹೆಂಡತಿ ಸುಜಾತಕ್ಕನ ಕೈಗುಣ ಆ ಕಡೆಯಲ್ಲೆಲ್ಲ ಹೆಸರುವಾಸಿ. ಸಸಿಯ ಮೊದಲ ಟ್ರೇ ಅಕ್ಕನ ಕೈಯಿಂದಲೇ ಬೇಕು ಅಂತ ರೈತರು ಕಾದು ನಿಲ್ಲುತ್ತಾರೆ. ಆದರೆ ವೆಬ್‌ಸೈಟಿಗೂ ಕೈಗುಣವೇ?

ನೆಟ್ ಪ್ರಾಬ್ಲಂ ಇರಬೇಕು ಎಂದೆ. ಪಾಪ, ನೆಟ್ಟನ್ನೇ ಬದಲಾಯಿಸಿದರು... ಏನೂ ಆಗಲಿಲ್ಲ. ಕೊನೆಗೆ ನಾನೇ ಬಸ್ ಹತ್ತಿದೆ.

ಕೌಂಟರ್ ಮುಂದೆ ಬುಕ್ಕಾಂಬುಧಿಯ ರೈತರೊಬ್ಬರು ಮೆಣಸಿನ ಸಸಿ ಬುಕ್ ಮಾಡಲು ನಿಂತಿದ್ದಾರೆ. ಓಂಕಾರಣ್ಣ ಕಂಪ್ಯೂಟರಿನಲ್ಲಿ ಒತ್ತುತ್ತಾರೆ. ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಪಕ್ಕದಲ್ಲೇ ಅಕ್ಕ ತಮ್ಮ ಮೊಬೈಲಿನಲ್ಲಿ ಒತ್ತುತ್ತಾರೆ. ಪುಟ ಥಟ್ಟನೆ ಬಂತು.

"ನೋಡಿದ್ರಾ?" ಅಂತ ಓಂಕಾರಣ್ಣ ನನ್ನ ಮುಖ ನೋಡಿದರು.

ಆಗ ಗಮನಿಸಿದೆ. ಅಣ್ಣ ಹೊಸದನ್ನು ಬರೆಯುವ ಮುಂಚೆ ನೋಟ್‌ಬುಕ್ಕನ್ನು ಮೊದಲ ಪುಟದಿಂದ ತಿರುವಿ ನೋಡುವವರು. ಅದೇ ಅಭ್ಯಾಸದಲ್ಲಿ ಇಲ್ಲೂ ಇಡೀ ಸೀಸನ್ನಿನ ಪಟ್ಟಿ ತೆರೆಯಲು ಕೊಟ್ಟು, ಅದು ಬರುವಷ್ಟರಲ್ಲಿ ಇನ್ನೊಂದು ಟ್ಯಾಬಿನಲ್ಲಿ ಬುಕಿಂಗ್ ಒತ್ತುತ್ತಿದ್ದರು.

ತಪ್ಪು ನನ್ನದೇ. ಒಂದು ಬ್ರೌಸರಿನ ಎಲ್ಲ ಟ್ಯಾಬುಗಳಿಗೂ ಸರ್ವರಿನಲ್ಲಿ ಒಂದೇ ಸೆಷನ್ ಫೈಲ್, ಅಂದರೆ ಲಾಗಿನ್ ಆದವರ ಗುರುತು ಇಟ್ಟುಕೊಳ್ಳುವ ಕಡತ. ಆ ದೊಡ್ಡ ಪಟ್ಟಿ ಮುಗಿಯುವವರೆಗೂ ನನ್ನ ಕೋಡ್ ಆ ಫೈಲನ್ನು ಲಾಕ್ ಮಾಡಿ ಹಿಡಿದಿತ್ತು, ಹಿಂದೆ ಬಂದ ಬುಕಿಂಗ್ ಕಾಯುತ್ತಿತ್ತು. ಅಕ್ಕನ ಮೊಬೈಲಿಗೆ ಬೇರೆ ಸೆಷನ್, ಹಾಗಾಗಿ ಕಾಯುವ ಮಾತೇ ಇಲ್ಲ.

ಮನೆಯಲ್ಲಿ ನಾನು ಒಂದೊಂದೇ ಪುಟ ತೆರೆದು ಟೆಸ್ಟ್ ಮಾಡಿದ್ದೆ, ಗೊತ್ತಾಗುವುದಾದರೂ ಹೇಗೆ...

ಅಲ್ಲೇ ಸ್ಟೂಲ್ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದೆ. ಯಾರು ಲಾಗಿನ್ ಆಗಿದ್ದಾರೆಂದು ಓದಿದ ಕೂಡಲೇ ಸೆಷನ್ ಫೈಲನ್ನು ಬಿಟ್ಟುಬಿಡುವ ಒಂದು ಸಾಲು ಸೇರಿಸಿದೆ.

"ಈಗ ನೀವೇ ಒತ್ತಿ ಅಣ್ಣ" ಅಂದೆ. ಪಟ್ಟಿ ಇನ್ನೂ ಬರುತ್ತಿರುವಾಗಲೇ ಬುಕಿಂಗ್ ಪುಟ ತೆರೆದುಕೊಂಡಿತು. ಖುಷಿಗೆ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಓಂಕಾರಣ್ಣ ಹಳೇ ನೋಟ್‌ಬುಕ್ಕನ್ನು ಬೀರುವಿನೊಳಗೆ ಇಟ್ಟರು.

ಬುಕ್ಕಾಂಬುಧಿಯವರು ಮಾತ್ರ ಕದಲಲಿಲ್ಲ. "ಅದೆಲ್ಲಾ ಸರಿ ಕಣಮ್ಮಾ, ನಂದು ಅಕ್ಕನೇ ಒತ್ಲಿ."

ನಿಜ ಹೇಳಲಾ? ಈಗ ಯಾವ ಅಪ್‌ಡೇಟ್ ಹಾಕಿದರೂ ಮೊದಲ ಕ್ಲಿಕ್ಕಿಗೆ ನಾನೂ ಸುಜಾತಕ್ಕನಿಗೇ ಫೋನ್ ಮಾಡುತ್ತೇನೆ.